ಕದ್ದವನಿದ್ದಾನೆ, ಕಳೆದುಕೊಂಡವನಿದ್ದಾನೆ, ಕೊಂಡವನೆಲ್ಲಿ?

ಈ ಬರಹ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಪ್ರಶ್ನೆ ನನ್ನದಲ್ಲ, ನನ್ನ ಸೋದರಮಾವನ ಮಗನದು. ಮಕ್ತಲ ಸೀಮೆಯವನು. ಓದಿದ್ದು ಏಳನೆಯ ತರಗತಿಯವರೆಗೆ, ಕೃಷ್ಣಾ ಮಂಡಲದ ಕನ್ನಡ ಶಾಲೆಯಲ್ಲಿ. ಒಂದು ಭಾನುವಾರ ಅವನು ನಾರಾಯಣಪೇಟೆಯ ನಮ್ಮ ಮನೆಗೆ ಬಂದಾಗ ನಾನು ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ನೋಡುತ್ತ ಕುಳಿತಿದ್ದೆ. ದಿಲೀಶ್ ಪೋತ್ತನ್ 2017ರಲ್ಲಿ ತೆಗೆದ ಈ ಚಿತ್ರವನ್ನು ಕಾಸರಗೋಡಿನ ಓದುಗರಿಗೆ ಪರಿಚಯಿಸುವ ಅಗತ್ಯವಿಲ್ಲ. ಕತೆ ನಡೆಯುವುದೇ ನಿಮ್ಮ ನೆಲದಲ್ಲಿ. ನನಗೆ ಮಲಯಾಳ ಬಾರದು. ಇಂಗ್ಲಿಷ್ ಅಡಿಬರಹ ಓದಿಕೊಂಡು ಅವನಿಗೆ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ಬಸ್ಸಿನಲ್ಲಿ ಕಳ್ಳ ಸರ ಎಗರಿಸಿದ, ಸಿಕ್ಕಿಬಿದ್ದ, ಸರ ನುಂಗಿದ, ಪೊಲೀಸರು ಅವನ ಹೊಟ್ಟೆ ಕಾಯುತ್ತ ಕೂತರು. ಅವನು ಎಲ್ಲವನ್ನೂ ಸುಮ್ಮನೆ ನೋಡಿದ. ಕೊನೆಗೆ ಕೇಳಿದ:

“ಅದೆಲ್ಲಾ ಖರೆ ಅಣ್ಣಾ. ಸಿಗದಿದ್ರ ಆ ಸರಾ ಅಂವ ಯಾರಿಗಿ ಮಾರತಿದ್ದ?”

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅವನಿಗೆ ಆ ಪ್ರಶ್ನೆ ಬರಲು ಕಾರಣವೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಕಳವಿನ ಕತೆಯುಳ್ಳ ಯಾವ ಚಿತ್ರ ನೋಡಿದರೂ ಈ ಪ್ರಶ್ನೆ ಪಕ್ಕದಲ್ಲಿ ಬಂದು ಕೂರುತ್ತದೆ.

ಮೊದಲು ನಮ್ಮ ನೆಂಟಸ್ತಿಕೆ ಹೇಳಿಬಿಡುತ್ತೇನೆ. ಗದ್ವಾಲ, ಮಕ್ತಲ, ನಾರಾಯಣಪೇಟೆ ಎಂದರೆ ನಿಮ್ಮಲ್ಲಿ ಹೆಂಗಸರಿಗೆ ಸೀರೆಯ ಹೆಸರಾಗಿ ಗೊತ್ತು, ಗಂಡಸರಿಗೆ ಅದೂ ಗೊತ್ತಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳ ಪಟ್ಟಿಯಿದೆ. ಅದರಲ್ಲಿ ರಾಯಚೂರು ಜಿಲ್ಲೆ ಬರುತ್ತದೆ, ಆಲಂಪುರ ಮತ್ತು ಗದ್ವಾಲ ತಾಲೂಕುಗಳ ಹೊರತು. ದಕ್ಷಿಣ ಕನ್ನಡ ಜಿಲ್ಲೆ ಬರುತ್ತದೆ, ಕಾಸರಗೋಡು ತಾಲೂಕಿನ ಹೊರತು. ಆ ‘ಹೊರತು’ ಎಂಬ ಪದದೊಳಗೆ ನೀವೂ ನಾವೂ ಒಟ್ಟಿಗೆ ಇದ್ದೇವೆ. ಮಕ್ತಲ, ನಾರಾಯಣಪೇಟೆಗಳು ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯವು. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ತೆಲಂಗಾಣದ ಪ್ರತ್ಯೇಕ ಜಿಲ್ಲೆಗಳಾದವು. ಕೃಷ್ಣೆಯ ಸೇತುವೆ ದಾಟಿದರೆ ದೇವಸೂಗೂರು, ಶಕ್ತಿನಗರ, ಆಚೆ ರಾಯಚೂರು. ಹೆಣ್ಣು ಕೊಡುವುದು ತರುವುದು, ಆಸ್ಪತ್ರೆ, ಸಂತೆ ಎಲ್ಲ ಎರಡೂ ದಡಕ್ಕೆ. ಮೋಟಾರು ಸೈಕಲ್ಲು ಕೂಡ.

ಇನ್ನು ಚಿತ್ರದ ಮಾತು. ‘ತೊಂಡಿಮುದಲ್’ ಎಂಬುದಕ್ಕೆ ನಮ್ಮ ಠಾಣೆಗಳ ಕನ್ನಡದಲ್ಲಿ ‘ಮುದ್ದೇಮಾಲು’ ಎನ್ನುತ್ತಾರೆ. ಕಳವಿನ ಮಾಲು, ನ್ಯಾಯಾಲಯದ ಮುಂದೆ ಇಡಬೇಕಾದ ಮಾಲು. ಸಜೀವ್ ಪಾಳೂರರ ಚಿತ್ರಕತೆಯ ಹೆಚ್ಚುಗಾರಿಕೆ ಇರುವುದು ಇಡೀ ಕಾನೂನನ್ನು ಈ ಒಂದು ಮಾಲಿನ ಮೇಲೆ ನಿಲ್ಲಿಸಿದ್ದರಲ್ಲಿ. ಮಾಲು ಸಿಕ್ಕರೆ ಕೇಸು, ಸಿಗದಿದ್ದರೆ ಠಾಣೆಗೇ ಸಂಕಟ. ತೆಂಕಣ ಕೇರಳದಿಂದ ಬಂದ ಗಂಡಹೆಂಡಿರು ಒಣಭೂಮಿಯಲ್ಲಿ ಕೊಳವೆಬಾವಿ ತೋಡಿಸಲು ಸರವನ್ನು ದುಡ್ಡು ಮಾಡಬೇಕೆಂದು ಹೊರಟವರು. ಅವರಿಗೆ ಬೇಕಾದದ್ದು ಆ ದುಡ್ಡು, ಕಳ್ಳನಿಗೆ ಬೇಕಾದದ್ದೂ ಆ ದುಡ್ಡು. ಪೊಲೀಸರಿಗೊಬ್ಬರಿಗೇ ಬೇಕಾದದ್ದು ಸರ.

ಈ ಚಿತ್ರದಲ್ಲಿ ನನ್ನನ್ನು ಅಲುಗಾಡಿಸಿದ ಸಂಗತಿ ಇನ್ನೊಂದು. ಹೆಸರು ಕೇಳಿದರೆ ಕಳ್ಳ (ಫಹದ್ ಫಾಸಿಲ್) ಪ್ರಸಾದ್ ಎನ್ನುತ್ತಾನೆ. ಸರ ಕಳೆದುಕೊಂಡ ಹೆಣ್ಣಿನ ಗಂಡನ ಹೆಸರೂ ಪ್ರಸಾದ್. ಕೆಲವರು ಇದನ್ನು ತಮಾಷೆಯೆಂದು ನೋಡಿದರು. ಬೈಕಿನ ಸಾಲದ ಕಡತಗಳನ್ನು ವರ್ಷಗಟ್ಟಲೆ ತಿರುವಿದ ನನಗೆ ಅದು ತಮಾಷೆ ಅನ್ನಿಸಲಿಲ್ಲ. ಕದ್ದ ಗಾಡಿಗೆ ಕಳ್ಳರು ಮಾಡುವುದೂ ಇದನ್ನೇ. ಇಲ್ಲದ ನಂಬರು ಹಾಕಿದರೆ ಸಿಕ್ಕಿಬೀಳುತ್ತಾರೆ. ಅದೇ ಕಂಪನಿಯ, ಅದೇ ಬಣ್ಣದ, ಎಲ್ಲೋ ನೆಮ್ಮದಿಯಾಗಿ ಓಡುತ್ತಿರುವ ಇನ್ನೊಂದು ಗಾಡಿಯ ನಂಬರು ಬರೆಸುತ್ತಾರೆ. ಹೀಗೆ ಒಂದೇ ಹೆಸರಿನ ಎರಡು ಗಾಡಿಗಳಾಗುತ್ತವೆ. ಪೋತ್ತನ್ ಅದನ್ನು ಮನುಷ್ಯನ ಮೇಲೆ ಮಾಡಿ ತೋರಿಸಿದ್ದಾರೆ.

ಆದರೆ ಬಂಗಾರ ಆರಿಸಿಕೊಂಡದ್ದರಿಂದ ಚಿತ್ರಕ್ಕೆ ಒಂದು ದೊಡ್ಡ ತೊಡಕು ತಪ್ಪಿದೆ. ಬಂಗಾರಕ್ಕೆ ಊರಿಲ್ಲ. ನಮ್ಮ ಬ್ಯಾಂಕಿನಲ್ಲಿ ಒಡವೆ ಸಾಲಕ್ಕೆ ಬಂದವರ ಸರವನ್ನು ಪರೀಕ್ಷಕ ಒರೆಗಲ್ಲಿಗೆ ಉಜ್ಜಿ ತೂಗುತ್ತಾನೆ. ‘ಒಡವೆ ನನ್ನದೇ’ ಎಂಬ ಹೇಳಿಕೆಗೆ ಗಿರಾಕಿ ಸಹಿ ಹಾಕುತ್ತಾನೆ. ಅಷ್ಟೇ. ಒಂದು ಸಲ ಕರಗಿಸಿದರೆ ಯಾರ ಕೊರಳಿನದೆಂದು ದೇವರೂ ಹೇಳಲಾರ. ಗಾಡಿ ಹಾಗಲ್ಲ. ಹ್ಯಾಂಡಲಿನ ಕೆಳಗಿನ ಕುತ್ತಿಗೆಯಲ್ಲಿ ಹದಿನೇಳು ಅಕ್ಷರ-ಅಂಕಿಗಳ ಚಾಸಿ ನಂಬರು ಕೊರೆದಿರುತ್ತದೆ, ಇಂಜಿನ್ನಿನ ಮೇಲೆ ಇನ್ನೊಂದು ನಂಬರು. ಉಜ್ಜಿ ಅಳಿಸಿದರೂ ಅಂಕಿಯ ಪೆಟ್ಟು ಬಿದ್ದ ಕಡೆ ಕಬ್ಬಿಣ ಒಳಗೊಳಗೇ ಅದುಮಿಕೊಂಡಿರುತ್ತದಂತೆ. ವಿಧಿವಿಜ್ಞಾನದವರು ಅಲ್ಲಿ ಆಮ್ಲ ಸವರಿದರೆ ಅಳಿದ ಅಂಕಿ ಮಸುಕಾಗಿ ಎದ್ದು ಬರುತ್ತದೆ. ಮಹಾಭಾರತದ ಘೋಷಯಾತ್ರೆಯಲ್ಲಿ ದುರ್ಯೋಧನ ತನ್ನ ದನಕರುಗಳನ್ನು ಎಣಿಸಿ ಗುರುತು ಹಾಕಿಸುತ್ತಾನಲ್ಲ, ಇದೂ ಅದೇ ಬಗೆ. ತುರು ಕದ್ದವನಿಗೂ ಅಂದು ಇದೇ ಭಯ ಇದ್ದಿರಬೇಕು.

ಹಾಗಾಗಿ ಗಾಡಿ ಕದಿಯುವುದು ಸಲೀಸು, ಮಾರುವುದು ಕಷ್ಟ. ಹಳೆಯ ಗಾಡಿಗಳ ಬೀಗ ಸವೆದಿರುತ್ತದೆ, ಯಾವುದೋ ಚಾವಿ ತಿರುಗುತ್ತದೆ. ನಂತರವೇ ಕಳ್ಳನ ಪಾಡು ಶುರು. ಹೆಸರು ಬದಲಿಗೆ ನಮೂನೆ 29, ನಮೂನೆ 30 ಬೇಕು. ಸಾಲದ ಗಾಡಿಯಾದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ, ಅದನ್ನು ತೆಗೆಸಲು ನಮೂನೆ 35. ಇನ್ನೊಂದು ರಾಜ್ಯಕ್ಕೆ ಒಯ್ಯುವುದಾದರೆ ನಮೂನೆ 28ರಲ್ಲಿ ಅರ್ಜಿ ಹಾಕಿ ನಿರಾಕ್ಷೇಪಣಾ ಪತ್ರ ತರಬೇಕು. ಈ ಕಾಗದಗಳಿಲ್ಲದ ಗಾಡಿಯನ್ನು ಕೊಳ್ಳುವವನು ಬೇಕಲ್ಲ? ಅವನನ್ನು ಹುಡುಕುವುದೇ ಕಳವಿನ ನಿಜವಾದ ಕಸಬು. ನಮ್ಮ ಕತೆಗಳು ಮುಗಿಯುವುದು ಈ ಕಸಬು ಶುರುವಾಗುವಲ್ಲಿ.

ವಿಟ್ಟೋರಿಯೋ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದ ಚಿತ್ರ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಅಡವಿನಲ್ಲಿದೆ, ಅದನ್ನು ಬಿಡಿಸಲು ಹೆಂಡತಿ ಮನೆಯ ಹಾಸುಗೆ ವಸ್ತ್ರಗಳನ್ನು ಅಡವಿಡುತ್ತಾಳೆ. ಅಡವಿನ ಕಚೇರಿಯ ನೌಕರನೊಬ್ಬ ಆ ಗಂಟು ಹೊತ್ತು, ಮಾಳಿಗೆಯೆತ್ತರದ ಕಪಾಟು ಹತ್ತುತ್ತಾನೆ. ಊರಿಗೆ ಊರೇ ಅಡವಿಟ್ಟ ಗಂಟುಗಳು ಅಲ್ಲಿ ಪೇರಿಸಿವೆ. ಎಲ್ಲರೂ ಅಪ್ಪ-ಮಗನಿಗಾಗಿ ಅಳುತ್ತಾರೆ. ನಾನು ಈ ಚಿತ್ರ ನೋಡಿದಾಗಲೆಲ್ಲ ಆ ಕಿಟಕಿಯ ಹಿಂದಿನ ಗುಮಾಸ್ತನನ್ನು ನೋಡುತ್ತೇನೆ. ಅವನದೂ ನನ್ನದೂ ಒಂದೇ ಜಾತಿ.

ಸೈಕಲ್ ಕಳವಾದ ಮೇಲೆ ಆಂಟೋನಿಯೋ, ಮಗ ಬ್ರೂನೋ ಮತ್ತು ಗೆಳೆಯರು ರೋಮಿನ ಪಿಯಾತ್ಸಾ ವಿಟ್ಟೋರಿಯೋ ಸಂತೆಗೆ ಹೋಗುತ್ತಾರೆ. ಇಡೀ ಸೈಕಲ್ ಸಿಗುವುದಿಲ್ಲವೆಂದು ಅವರಿಗೆ ಗೊತ್ತು. ಆದ್ದರಿಂದ ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬ ಚೌಕಟ್ಟು ನೋಡಬೇಕು, ಒಬ್ಬ ಚಕ್ರ ನೋಡಬೇಕು, ಹುಡುಗ ಪಂಪು ಗಂಟೆಗಳನ್ನು ನೋಡಬೇಕು. ಕದ್ದ ಗಾಡಿ ಎಲ್ಲಿಗೆ ಹೋಗುತ್ತದೆಂಬುದನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ದೃಶ್ಯ ನಾನು ಕಂಡಿಲ್ಲ. ಅಲ್ಲೇ ಒಬ್ಬ ಚೌಕಟ್ಟೊಂದಕ್ಕೆ ಬಣ್ಣ ಬಳಿಯುತ್ತಿರುತ್ತಾನೆ. ನಂಬರು ತೋರಿಸು ಎಂದರೆ ತೋರಿಸಲಾರ. ಪೊಲೀಸನನ್ನು ಕರೆದು ತರುತ್ತಾರೆ. ನಂಬರು ನೋಡಿದರೆ ಅದು ಬೇರೆ.

ವಿಮರ್ಶಕರು ಈ ದೃಶ್ಯವನ್ನು ಆಂಟೋನಿಯೋನ ನಿರಾಸೆಯ ಒಂದು ಮೆಟ್ಟಿಲೆಂದು ದಾಟಿಬಿಡುತ್ತಾರೆ. ನನಗೆ ಆ ಬಣ್ಣ ಬಳಿಯುವವನ ಸಿಟ್ಟು ಬಹಳ ಮುಖ್ಯ. ಅವನಿಗೆ ಆ ಚೌಕಟ್ಟು ಎಲ್ಲಿಂದ ಬಂತು? ಅದು ಆಂಟೋನಿಯೋನದಲ್ಲ ಎಂದರೆ ಯಾರದೂ ಅಲ್ಲವೆಂದು ಅರ್ಥವೇ? ಕಳ್ಳನ ಮನೆಗೂ ಅವನ ತಾಯಿಯ ಬಡತನಕ್ಕೂ ಕ್ಯಾಮೆರಾ ಒಯ್ದ ಡಿ ಸಿಕಾ ಈ ಮನುಷ್ಯನ ಹಿಂದೆ ಹೋಗಲಿಲ್ಲ. ಹೋಗಿದ್ದರೆ ಚಿತ್ರದ ಹೆಸರು ಬದಲಿಸಬೇಕಾಗುತ್ತಿತ್ತೇನೋ. ಕೊನೆಯಲ್ಲಿ ಆಂಟೋನಿಯೋ ತಾನೇ ಒಂದು ಸೈಕಲ್ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ. ಕಳೆದುಕೊಂಡವನು ಕಳ್ಳನಾಗಬಹುದೆಂದು ಚಿತ್ರ ಹೇಳುತ್ತದೆ. ನಮ್ಮ ಸೀಮೆಯಲ್ಲಿ ನಾನು ಕಂಡಂತೆ, ಗಾಡಿ ಕಳೆದುಕೊಂಡವನು ಕದಿಯುವುದಿಲ್ಲ. ಅರ್ಧ ಬೆಲೆಗೆ ಸಿಕ್ಕದ್ದನ್ನು ಕೊಳ್ಳುತ್ತಾನೆ.

ವೆಟ್ರಿಮಾರನ್ ಅವರ ಮೊದಲ ಚಿತ್ರ ‘ಪೊಲ್ಲಾದವನ್’ (2007) ಮೋಟಾರು ಸೈಕಲ್ಲಿನದೇ ಕತೆ. ಅದರ ಕನ್ನಡ ರೂಪ ಯೋಗೇಶ್ ನಟಿಸಿದ ‘ಪುಂಡ’ (2010). ನಿರುದ್ಯೋಗಿ ಹುಡುಗನಿಗೆ ಪಲ್ಸರ್ ಬಂದ ಮೇಲೆ ಮಾನ ಬರುತ್ತದೆ, ಕೆಲಸ ಬರುತ್ತದೆ. ಅಷ್ಟರವರೆಗೆ ತಮಿಳು ಚಿತ್ರ ಚೆನ್ನಾಗಿದೆ. ಗಾಡಿ ಕಳುವಾದ ಮೇಲೆ ರೌಡಿಗಳು ಬರುತ್ತಾರೆ, ಮಾದಕ ವಸ್ತು ಬರುತ್ತದೆ, ಹೊಡೆದಾಟ ಬರುತ್ತದೆ. ಕಳವಿನ ಗಾಡಿಗೆ ಗಿರಾಕಿ ಸಿಗುವುದು ಇಂಥ ಭಯಂಕರ ಲೋಕದಲ್ಲಿ ಮಾತ್ರ ಎಂದು ನಂಬಿಸಿದರೆ ನೋಡುವವನಿಗೆ ಹಾಯೆನಿಸುತ್ತದೆ. ಗಿರಾಕಿ ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂತಿಲ್ಲವಲ್ಲ! ನನ್ನ ತಕರಾರು ಇಲ್ಲೇ ಇದೆ. ನಮ್ಮ ಪಂಕ್ತಿಯಲ್ಲಿ ಅವನು ಕೂತಿದ್ದ.

2013ರ ಬೇಸಿಗೆ. ಮಾವನ ಮಗ ಬ್ಯಾಂಕಿಗೆ ಬಂದು ಹೊರಗೆ ಕರೆದ. ಬೇವಿನ ಮರದ ಕೆಳಗೆ ಸ್ಪ್ಲೆಂಡರ್ ಗಾಡಿ, ರಾಯಚೂರಿನ ಕೆಎ 36 ನಂಬರು. ಮಕ್ತಲದ ಪಡಮಟಿ ಆಂಜನೇಯನ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣು ಹಾಯಿಸಿಕೊಂಡು ನೇರ ಬಂದಿದ್ದ. ಹದಿನಾರು ಸಾವಿರ ಕೊಟ್ಟಿದ್ದನಂತೆ. ಆ ಗಾಡಿಗೆ ಆಗ ಮೂವತ್ತಕ್ಕೆ ಕಡಿಮೆ ಇರಲಿಲ್ಲ.

“ಕಾಗದಾ?” ಅಂದೆ.

“ಆಮ್ಯಾಲ ಕೊಡ್ತೀನಿ ಅಂದಾನಣ್ಣಾ. ಫೈನಾನ್ಸಿನವ್ರು ಎಳಕೊಂಡು ಬಂದ ಗಾಡಿ ಅಂತ. ಆ ಕಡೀ ನಂಬರ್, ಈ ಕಡೀಗಿ ಮಾಡಸಬೇಕಂದ್ರ ಟ್ಯಾಕ್ಸ್ ಭಾಳ ಬೀಳ್ತದ, ಹಂಗ ಹೊಡಿ ಅಂದ. ನಮ್ಮೂರಾಗ ಎಲ್ಲಾರೂ ಹಂಗ ಹೊಡೀತಾರಲ್ಲ?”

ಅವನು ಹೇಳಿದ್ದರಲ್ಲಿ ಕೊನೆಯ ಮಾತು ನಿಜ. ಗಡಿಯ ಊರಲ್ಲಿ ಒಂದೇ ಚಹದಂಗಡಿಯ ಮುಂದೆ ಹಳೆಯ ಎಪಿ 22, ಆಮೇಲಿನ ಟಿಎಸ್, ಈಗಿನ ಟಿಜಿ, ಕೆಎ 36, ಯಾದಗಿರಿಯ ಕೆಎ 33 ಎಲ್ಲ ನಿಂತಿರುತ್ತವೆ. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಮತ್ತೆ ತೆರಿಗೆ ಕಟ್ಟಿ, ಅಲ್ಲಿನ ಉಳಿದ ತೆರಿಗೆ ವಾಪಸು ಕೇಳಿ... ಇಷ್ಟು ಓಡಾಡುವವರು ಯಾರು? ಮಾವ ಅಳಿಯನಿಗೆ ಕೊಟ್ಟ ಗಾಡಿ, ಅಣ್ಣ ತಮ್ಮನಿಗೆ ಬಿಟ್ಟ ಗಾಡಿ, ಎಲ್ಲವೂ ಹಳೆಯ ಹೆಸರಿನಲ್ಲೇ ಓಡುತ್ತವೆ. ಪ್ರಾಮಾಣಿಕರ ಕಾಗದವಿಲ್ಲದ ನೂರು ಗಾಡಿಗಳ ನಡುವೆ ಕದ್ದ ಒಂದು ಗಾಡಿಯನ್ನು ನಿಲ್ಲಿಸಿದರೆ ಯಾರು ಗುರುತಿಸುತ್ತಾರೆ? ಕೆಎಲ್ 14, ಕೆಎ 19 ಎರಡನ್ನೂ ದಿನ ನೋಡುವ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡಿಯ ತೊಂದರೆಯೇ ಕಳ್ಳನಿಗೆ ಸಿಕ್ಕ ಮಾರಾಟದ ಮಾತು.

ಅವನು ಬಂದದ್ದು ನನ್ನಿಂದ ಒಂದು ಉಪಕಾರಕ್ಕೆ. ಬ್ಯಾಂಕಿನಿಂದ ಏನಾದರೂ ಒಂದು ಕಾಗದ ಮಾಡಿಸಿಕೊಡಬೇಕಂತೆ. ಆಗದು ಎಂದೆ. ಆದರೆ ಬಗ್ಗಿ ಚಾಸಿ ನಂಬರು ನೋಡಿದೆ, ಕಸಬಿನ ಚಟ. ಅಂಕಿಗಳು ಸಾಲಾಗಿ ಇರಲಿಲ್ಲ. ಎರಡು ಅಂಕಿ ಉಳಿದವಕ್ಕಿಂತ ಮೇಲೆ ಕೂತಿದ್ದವು, ಸುತ್ತ ಹೊಸ ಕಪ್ಪು ಬಣ್ಣ ಹಚ್ಚಿತ್ತು. ಕಾರ್ಖಾನೆಯ ಅಚ್ಚು ಹಾಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. “ಮೊದ್ಲು ಕಾಗದಾ ತಗೋ” ಎಂದಷ್ಟೇ ಹೇಳಿದೆ. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಸಂಜೆ ಅದೇ ಗಾಡಿಯ ಹಿಂದೆ ಕೂತು ಮನೆಗೆ ಬಂದೆ.

ಮರುವರ್ಷ ಪೊಲೀಸರು ಒಬ್ಬನನ್ನು ಹಿಡಿದರು, ಅವನು ತಾನು ಮಾರಿದವರನ್ನೆಲ್ಲ ತೋರಿಸುತ್ತ ಹೋದ. ಮಾವನ ಮಗನ ಅಂಗಳಕ್ಕೂ ಬಂದರು. ಗಾಡಿ ಹೋಯಿತು, ಹದಿನಾರು ಸಾವಿರ ಹೋಯಿತು. ಕಡೆಗೆ ಅವನನ್ನು ಸಾಕ್ಷಿಯ ಪಟ್ಟಿಗೆ ಸೇರಿಸಿದರು, ಆರೋಪಿಯ ಪಟ್ಟಿಗಲ್ಲ. ಆದರೆ ಅದು ತೀರ್ಮಾನವಾಗುವವರೆಗೆ ಅವನು ಠಾಣೆಯ ಕಟ್ಟೆಯಲ್ಲಿ ಎಷ್ಟು ದಿನ ಕೂತನೆಂಬುದು ಅವನಿಗೆ ಗೊತ್ತು. ಊರಲ್ಲಿ ‘ಕಳ್ಳಗಾಡಿಯವ’ ಎಂಬ ಹೆಸರು ಅಂಟಿತು. ತಂಗಿಯ ಸಂಬಂಧ ನೋಡಲು ಬಂದವರ ಕಿವಿಗೂ ಆ ಹೆಸರು ಬಿತ್ತು.

ಕಳವಿನ ಮಾಲು ಕೊಂಡವನ ಬಗ್ಗೆ ಭಾರತ ದಂಡ ಸಂಹಿತೆಯ 411ನೆಯ ಕಲಮು ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಸೇರಿದೆ. ಕಳವಿನದೆಂದು ‘ತಿಳಿದೋ’ ಅಥವಾ ‘ನಂಬಲು ಕಾರಣವಿದ್ದೋ’ ಕೊಂಡವನು ತಪ್ಪಿತಸ್ಥ. ಒಬ್ಬ ಕತೆಗಾರನಿಗೆ ಬೇಕಾದದ್ದೆಲ್ಲ ಈ ಎರಡು ಮಾತಿನ ನಡುವೆ ಇದೆ ಎಂದು ನನಗೆ ಅನ್ನಿಸುತ್ತದೆ. ಮೂವತ್ತರ ಗಾಡಿ ಹದಿನಾರಕ್ಕೆ ಬಂದರೆ ನಂಬಲು ಕಾರಣವಿದೆಯೇ? ಏಳನೆಯ ತರಗತಿ ಓದಿ, ಕೂಲಿಗೆ ರಾಯಚೂರಿಗೆ ದಿನ ಬಸ್ಸು ಕಾಯುವವನಿಗೆ ಆ ಕಾರಣ ಎಷ್ಟು ಕಾಣಬೇಕು? ಮತ್ತು ಬಿ.ಎ. ಓದಿ, ಅಂಕಿ ಸರಿಯಿಲ್ಲವೆಂದು ಕಣ್ಣಾರೆ ಕಂಡು, ಹಿಂದಿನ ಸೀಟಿನಲ್ಲಿ ಕೂತವನಿಗೆ?

ಕನ್ನಡದಲ್ಲಿ ಕಾಗದ ಸಿಗದವನ ಕತೆ ಇದೆ. ಪೂರ್ಣಚಂದ್ರ ತೇಜಸ್ವಿಯವರ ತಬರ ಪಿಂಚಣಿಗಾಗಿ ಕಚೇರಿ ಸುತ್ತಿದ್ದನ್ನು ಓದಿದವರು ಮರೆಯಲಾರರು. ಕಳ್ಳರ ಕತೆಗೂ ಬರವಿಲ್ಲ. ತುರು ಬಿಡಿಸಿಕೊಂಡು ಸತ್ತವನಿಗೆ ಊರೂರಿನಲ್ಲಿ ವೀರಗಲ್ಲಿದೆ. ನಿಮ್ಮಲ್ಲಿ ಉತ್ತರ ಗೋಗ್ರಹಣ ಬೆಳಗಿನವರೆಗೆ ಆಡುತ್ತಾರೆ, ಅರ್ಜುನ ಬಂದು ಗೋವುಗಳನ್ನು ತಿರುಗಿಸಿಕೊಂಡು ಹೋಗುತ್ತಾನೆ. ಕದ್ದ ಹಸುವಿನ ಹಾಲು ಕೊಂಡು ಕುಡಿದವನಿಗೆ ಮಾತ್ರ ಕಲ್ಲೂ ಇಲ್ಲ, ಪದವೂ ಇಲ್ಲ. ಅವನು ವೀರನಲ್ಲ, ದುಷ್ಟನೂ ಅಲ್ಲ, ಅಳಿಸುವಷ್ಟು ಅಮಾಯಕನೂ ಅಲ್ಲ. ಅಂಥವನನ್ನು ಬರೆಯಲು ನಮಗೆ ನಾಚಿಕೆಯೇನೋ, ಏಕೆಂದರೆ ಅವನು ನಮ್ಮ ಮನೆಯವನು. ‘ತೊಂಡಿಮುದಲುಂ’ ಚಿತ್ರದ ಮುಖ್ಯ ಪಾತ್ರಗಳಲ್ಲಿ ಕನ್ನಡ ಮನೆಮಾತಿನವರು ಇಲ್ಲವೆಂದು ನನಗೂ ಒಮ್ಮೆ ಬೇಸರವಾಗಿತ್ತು. ಆದರೆ ಆ ಬೇಸರಕ್ಕೆ ಉತ್ತರವಾಗಿ ನಾವು ಬರೆಯಬಹುದಾದ ಕತೆಗಳಲ್ಲಿ ಅನ್ಯಾಯಕ್ಕೊಳಗಾದ ಕನ್ನಡಿಗನೊಬ್ಬನೇ ಏಕಿರಬೇಕು? ಗಡಿಯಿಂದ ಲಾಭ ಮಾಡಿಕೊಳ್ಳಲು ಹೋದ ಕನ್ನಡಿಗನೂ ಇರಲಿ. ಅವನ ಮಾತು ಬಲ್ಲವರು ನಾವೇ.

ಈಗ ಕಾಲ ಬದಲಾಗಿದೆ. 2019ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ಬಿಚ್ಚಲಾಗದ ಹೈ ಸೆಕ್ಯುರಿಟಿ ನಂಬರು ಫಲಕ ಬಂದಿದೆ, ಮೊಬೈಲಿನಲ್ಲಿ ನಂಬರು ಒತ್ತಿದರೆ ಗಾಡಿಯ ವಿವರ ಬರುತ್ತದೆ. ಇಡೀ ಗಾಡಿ ಮಾರುವುದು ಇನ್ನಷ್ಟು ಕಷ್ಟವಾಗಿದೆ. ರೋಮಿನ ಸಂತೆಯ ಹಾಗೆ ಚಕ್ರ ಒಂದು ಕಡೆ, ಇಂಜಿನ್ನು ಒಂದು ಕಡೆ. ಆದರೂ ಹೊಲಕ್ಕೆ ಮೇವು ಹೊರಲು, ಇಟ್ಟಿಗೆ ಭಟ್ಟಿಗೆ ಹೋಗಿಬರಲು, ದೊಡ್ಡ ರಸ್ತೆಗೆ ಬಾರದ ಗಾಡಿಗೆ ಹಳ್ಳಿಯಲ್ಲಿ ಗಿರಾಕಿ ಉಂಟು. ‘ಹೊಲದ ಗಾಡಿ’ ಎಂದರೆ ಯಾರೂ ಕಾಗದ ಕೇಳುವುದಿಲ್ಲ.

ಆ ಭಾನುವಾರ ಚಿತ್ರ ಮುಗಿದ ಮೇಲೆ ಅವನನ್ನು ಬಸ್ಸಿಗೆ ಬಿಡಲು ಹೊರಟೆ. ದಾರಿಯಲ್ಲಿ ಒಂದು ಠಾಣೆ ಇದೆ. ಕಾಂಪೌಂಡಿನೊಳಗೆ ಹಿಡಿದು ತಂದ ಗಾಡಿಗಳು ಒಂದರ ಮೇಲೊಂದು ಒರಗಿವೆ, ಬಳ್ಳಿ ಹಬ್ಬಿದೆ. ಮುದ್ದೇಮಾಲು ವಾಹನಗಳನ್ನು ಹೀಗೆ ಕೊಳೆಯಲು ಬಿಡಬಾರದು, ಬಾಂಡು ಬರೆಸಿಕೊಂಡು ಬೇಗ ಹಿಂದಿರುಗಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅವನು ಗೋಡೆಯ ಹತ್ತಿರ ನಿಂತು ಒಳಗೆ ನೋಡಿದ. ಅವನ ಗಾಡಿ ಹೋದದ್ದು ಈ ಠಾಣೆಗಲ್ಲ, ಅದು ಅವನಿಗೂ ಗೊತ್ತು.

“ಅದನ ಅದು, ಆ ಮಾಡೆಲ್ಲು” ಅಂದ, ತುಕ್ಕು ಹಿಡಿದ ಒಂದು ಸ್ಪ್ಲೆಂಡರನ್ನು ತೋರಿಸಿ. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ತಿರುಗದೆ, “ಅವತ್ತ ನಂಬರ್ ನೋಡಿದ್ದೆಲ್ಲಣ್ಣಾ ನೀನು?” ಎಂದು ಕೇಳಿದ.

ರಾಯಚೂರಿನ ಬಸ್ಸು ಬಂತು. ಅವನು ಹತ್ತಿದ.